ಮಣೆಯಿಂದ ಏಳುವ ಹಕ್ಕು

ಉರ್ವದ ಕಡೆಯ ಮೀನು ಮಾರುಕಟ್ಟೆಯಲ್ಲಿ ವಾರಿಜಾಕ್ಷಿ ಎಂದರೆ ಒಂದು ಗಾಯ. ಬಲ ಮಣಿಕಟ್ಟಿನ ಒಳಬದಿಯಲ್ಲಿ ಒಂದು ಬಿಳಿ ಗೆರೆ. ಬಂಗುಡೆಗೆ ಚೌಕಾಸಿ ಮಾಡಲು ಬಂದವರಿಗೆ ಮೊದಲು ಅದರ ದರ್ಶನವಾಗುತ್ತಿತ್ತು.

"ನೋಡಿ ಅಣ್ಣ, ಈ ಜಾಗಕ್ಕೆ ನಾನು ರಕ್ತ ಕೊಟ್ಟಿದ್ದೇನೆ. ನೀವು ಹತ್ತು ರೂಪಾಯಿಗೆ ಜಗಳ ಮಾಡ್ತೀರಿ."

ಗಿರಾಕಿ ನಾಚಿಕೊಂಡು ಹೇಳಿದಷ್ಟು ಕೊಟ್ಟು ಹೋಗುತ್ತಿದ್ದ.

ಗಾಯದ ಕತೆ ಊರಿಗೆಲ್ಲ ಗೊತ್ತು. ಮಾರುಕಟ್ಟೆಯ ಎದುರು ಭಾಗ ಕಾರು ನಿಲ್ಲಿಸಲು ಬೇಕು, ಮೀನಿನ ಹೆಂಗಸರು ಹಿಂದಿನ ಚರಂಡಿ ಬದಿಗೆ ಹೋಗಲಿ ಎಂದು ಮೇಲಿನವರು ತೀರ್ಮಾನಿಸಿದ್ದರು. ಹೆಂಗಸರನ್ನು ಯಾರೂ ಕೇಳಲಿಲ್ಲ. ಒಂದು ಬೆಳಿಗ್ಗೆ ಗುತ್ತಿಗೆದಾರನ ಜನ ಬಂದು ಬುಟ್ಟಿಗಳನ್ನು ಎತ್ತತೊಡಗಿದರು. ವಾರಿಜಾಕ್ಷಿ ತಾವು ಕೂತ ಮರದ ಮಣೆ ಬಿಟ್ಟು ಏಳಲಿಲ್ಲ. ಬಂದವರ ಪೈಕಿ ಒಬ್ಬ ಹೆಂಗಸು ಕೈ ಹಿಡಿದು ಎಳೆದಳು. ಗಾಜಿನ ಬಳೆ ಒಡೆದು ಮಾಂಸಕ್ಕೆ ಹೊಕ್ಕಿತು. ರಕ್ತ ಸುರಿಯುವ ಕೈಯನ್ನು ಮೇಲೆತ್ತಿ ವಾರಿಜಾಕ್ಷಿ ಅಂದದ್ದು ಇಷ್ಟೇ: "ಕೇಳದೆ ನನ್ನ ಕೈಗೆ ಕೈ ಹಾಕ್ಲಿಕ್ಕೆ ನೀನು ಯಾರು?"

ಆ ಒಂದು ಮಾತಿಗೆ ಮಾರುಕಟ್ಟೆಯ ಹೆಂಗಸರೆಲ್ಲ ರಸ್ತೆಗೆ ಬಂದು ಕೂತರು. ಗೇಟಿನ ಹೊರಗೆ ಒಣಮೀನು ಮಾರುವ ಮುಮ್ತಾಝ್‌ಗೆ ಒಳಗೆ ಒಂದಡಿ ಜಾಗವಿರಲಿಲ್ಲ. ಅವರೂ ಬಂದು ಕೂತರು. ಗಾಯಕ್ಕೆ ಬಟ್ಟೆ ಕಟ್ಟಿದವರೂ ಅವರೇ. ಕೊನೆಗೆ ಮೇಲಿನವರು ಸೋತರು, ಜಾಗ ಉಳಿಯಿತು. ಸಂಘ ಕಟ್ಟಿದರು, ವಾರಿಜಾಕ್ಷಿ ಅಧ್ಯಕ್ಷೆಯಾದರು. ಮುಮ್ತಾಝ್ ಗೇಟಿನ ಹೊರಗೇ ಉಳಿದರು. ನಾವು ಪತ್ರಿಕೆಗಳಲ್ಲಿ ಕ್ರಾಂತಿ ಎಂದು ಬರೆದೆವು. ಕ್ರಾಂತಿಯ ಮರುದಿನ ಏನಾಗುತ್ತದೆಂದು ನೋಡುವ ಪುರುಸೊತ್ತು ನಮಗಿರಲಿಲ್ಲ. ಮೀನು ಕೊಂಡು ಮನೆಗೆ ಹೋದೆವು.

ಆ ಮಾರುಕಟ್ಟೆಯಲ್ಲಿ ಒಂದು ಕಟ್ಟಳೆಯಿದೆ. ಮಣೆ ತಾಯಿಯಿಂದ ಮಗಳಿಗೆ ಹೋಗುತ್ತದೆ. ತಾಯಿಗೆ ಕೂರಲಾಗದ ಕಾಲ ಬಂದಾಗ ಎಲ್ಲರ ಎದುರು ಮಗಳ ಕೈ ಹಿಡಿದು ಕರೆತಂದು ಮಣೆಯ ಮೇಲೆ ಕೂರಿಸಿ, ಆ ದಿನದ ಮೊದಲ ಮೀನನ್ನು ಅವಳಿಂದಲೇ ಮಾರಿಸಬೇಕು. ಆಮೇಲೆ ಆ ಜಾಗವನ್ನು ಯಾರೂ ಪ್ರಶ್ನಿಸುವಂತಿಲ್ಲ. ವಾರಿಜಾಕ್ಷಿಯ ಮೊಣಕಾಲು ಮಡಚಲು ಬಾರದಂತಾಗಿತ್ತು. ಇರುವವಳು ಒಬ್ಬಳೇ ಮಗಳು, ಅಕ್ಷಿತಾ.

ಅಕ್ಷಿತಾಳಿಗೆ ಮೀನಿನ ವಾಸನೆ ಅಸಹ್ಯವಲ್ಲ. ಅವಳಿಗೆ ಹೊಲಿಗೆ ಇಷ್ಟ, ಅಷ್ಟೇ. ಕೊಟ್ಟಾರದಲ್ಲಿ ಬೆನಿಟಾ ಎಂಬವರು ಮದುಮಗಳ ಗೌನು ಹೊಲಿಯುವ ಅಂಗಡಿ ಇಟ್ಟಿದ್ದಾರೆ. ಕೆಲಸಕ್ಕೆ ಬಾ ಎಂದು ಕರೆದಿದ್ದರು. ಇದನ್ನು ಕೇಳಿ ವಾರಿಜಾಕ್ಷಿ ತುಳುವಿನಲ್ಲಿ ಬೈದ ಮಾತನ್ನು ಕನ್ನಡಕ್ಕೆ ತಂದರೆ ಅದರ ಖಾರ ಅರ್ಧವಾದೀತು.

"ಅಲ್ಲಿ ಎಂತ ಉಂಟು ನಿನಗೆ? ಇನ್ನೊಬ್ಬರ ಅಂಗಡಿ, ಇನ್ನೊಬ್ಬರ ಮಿಷನ್, ಇನ್ನೊಬ್ಬರ ಮದುವೆ. ಇಲ್ಲಿಯಾದ್ರೆ ನೀನೇ ಧಣಿ. ಯಾರಿಗೂ ತಲೆ ಬಗ್ಗಿಸ್ಲಿಕ್ಕಿಲ್ಲ."

"ಹೊಲಿಯುವಾಗ ತಲೆ ಬಗ್ಗಿಸ್ಲೇ ಬೇಕಲ್ಲ ಅಮ್ಮ."

"ತಮಾಷೆ ಬೇಡ ಮಾರಾಯ್ತಿ. ನಾನು ರಸ್ತೆಯಲ್ಲಿ ಕೂತದ್ದು ಯಾರಿಗೆ?"

"ನಿನಗೆ. ನಿನಗೆ ಏಳ್ಲಿಕ್ಕೆ ಮನಸ್ಸಿರ್ಲಿಲ್ಲ, ನೀನು ಕೂತೆ. ನನಗೆ ಕೂರ್ಲಿಕ್ಕೆ ಮನಸ್ಸಿಲ್ಲ."

ಬೋಟಿಗೆ ಹೋಗುವ ಗಂಡ ಸೇಸಪ್ಪ ಊಟದ ಬಟ್ಟಲಿನಿಂದ ಮುಖ ಎತ್ತದೆ ಹೇಳಿದರು: "ಈ ಮನೆಯಲ್ಲಿ ಎರಡು ಸಂಘ ಉಂಟು. ನಾನು ಎರಡರಲ್ಲೂ ಮೆಂಬರ್ ಅಲ್ಲ."

ವಾರಿಜಾಕ್ಷಿಯ ವಾದ ಸುಳ್ಳಲ್ಲ. ಸ್ವಂತ ಮಣೆ ದೊಡ್ಡದು, ಕೂಲಿ ಸಣ್ಣದು, ಸರಿ. ಆದರೆ ಹೋರಾಡಿ ಗೆದ್ದವರಿಗೆ ಒಂದು ಕಾಯಿಲೆ ಹಿಡಿಯುತ್ತದೆ. ತಮಗೆ ದಕ್ಕಿದ ಸ್ವಾತಂತ್ರ್ಯ ಯಾವ ಅಳತೆಯದೋ ಅದನ್ನೇ ಎಲ್ಲರಿಗೂ ತೊಡಿಸಲು ಹೊರಡುತ್ತಾರೆ. ಹಾರ, ಶಾಲು, ಫಲಕ ಹಿಡಿದು ಅವರ ಮನೆಬಾಗಿಲಿಗೆ ಹೋಗುವ ನಮ್ಮಂಥವರು ಆ ಕಾಯಿಲೆಗೆ ಗಾಳಿ ಹಾಕುತ್ತೇವೆ. ಮಗಳೇನು ಹೇಳುತ್ತಾಳೆ ಎಂದು ಕೇಳಿದವರು ನಮ್ಮಲ್ಲಿ ಒಬ್ಬರಾದರೂ ಇದ್ದರೇ?

ಹೋರಾಟದ ವಾರ್ಷಿಕೋತ್ಸವದ ದಿನ ಸಂಘದವರು ಮಾರುಕಟ್ಟೆಯ ಎದುರು ಶಾಮಿಯಾನ ಹಾಕಿಸಿದರು. ಭಾಷಣಕ್ಕೆ ನಮ್ಮನ್ನು ಕರೆದಿದ್ದರು. ವ್ಯಕ್ತಿಯ ಘನತೆ, ಹೆಣ್ಣಿನ ದನಿ, ಏನೇನೋ ಮಾತಾಡಿದೆವು. ವಾರಿಜಾಕ್ಷಿಗೆ ಶಾಲು ಹೊದಿಸಿದೆವು. ಅವರು ಮೈಕು ಹಿಡಿದು, "ಇವತ್ತಿನಿಂದ ನನ್ನ ಮಣೆ ನನ್ನ ಮಗಳದ್ದು, ಈಗ ಕೂರಿಸ್ತೇನೆ" ಎಂದರು. ಮಗಳಿಗೆ ಮೊದಲೇ ತಿಳಿಸಿರಲಿಲ್ಲ. ತಿಳಿಸಿದ್ದರೆ ಅವಳು ಬರುತ್ತಿರಲಿಲ್ಲ, ಅದು ತಾಯಿಗೂ ಗೊತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲಿದ್ದ ನಾವು ಎಲ್ಲರಿಗಿಂತ ಜೋರಾಗಿ ತಟ್ಟಿದೆವು.

ಅಕ್ಷಿತಾ ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದಳು. ವಾರಿಜಾಕ್ಷಿ ಕಾಲೆಳೆಯುತ್ತ ಇಳಿದು ಅವಳ ಬಳಿ ಹೋದರು.

"ಬಾ ಮಗ."

"ಬೇಡ ಅಮ್ಮ."

"ಎಲ್ಲ ನೋಡ್ತಾ ಇದ್ದಾರೆ."

"ನೋಡ್ಲಿ."

ತಾಯಿ ಕೈ ಹಿಡಿದು ಎಳೆದರು. ಮಗಳು ಕಾಲೂರಿ ನಿಂತಳು. ಇನ್ನೂ ಜೋರಾಗಿ ಎಳೆದರು. ಬಳೆ ಒಡೆಯಿತು.

ಗಾಜಿನ ಬಳೆ ಒಡೆಯುವ ಸದ್ದು ಎಷ್ಟೆಂದು? ಆದರೂ ಚಪ್ಪಾಳೆ ನಿಂತಿತು. ಅಕ್ಷಿತಾ ಮಣಿಕಟ್ಟು ತಿರುಗಿಸಿ ನೋಡಿಕೊಂಡಳು. ತೆಳುವಾಗಿ ರಕ್ತ ಇಳಿಯುತ್ತಿತ್ತು.

"ಆಯ್ತಲ್ಲ ಅಮ್ಮ," ದನಿ ಎತ್ತದೆ ಹೇಳಿದಳು. "ಇನ್ನು ನನಗೂ ಜನರಿಗೆ ತೋರಿಸ್ಲಿಕ್ಕೆ ಒಂದು ಉಂಟು."

ವಾರಿಜಾಕ್ಷಿ ಕೈ ಬಿಟ್ಟರು. ಬಿಟ್ಟ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಶಾಲಿನೊಳಗೆ ಅಡಗಿಸಿದರು. ವೇದಿಕೆಯಿಂದ ನಾವು ಯಾರೂ ಇಳಿಯಲಿಲ್ಲ. ಒಬ್ಬರು ಕುಡಿಯುವ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದರು, ಇನ್ನೊಬ್ಬರು ಫೋನು ನೋಡಿದರು. ಬಟ್ಟೆ ಹಿಡಿದು ಬಂದದ್ದು ಗೇಟಿನ ಹೊರಗಿನಿಂದ, ಮುಮ್ತಾಝ್. "ತೋರಿಸ್ತೀಯಾ ಮಗ?" ಎಂದು ತಮ್ಮ ಕೈ ಚಾಚಿ, ಅಕ್ಷಿತಾ ತಾನಾಗಿ ಕೈ ಕೊಡುವ ತನಕ ಹಾಗೇ ನಿಂತರು.

ಅದನ್ನು ನೋಡಿ ನನ್ನ ತಲೆ ತಗ್ಗಿತು. ಅಷ್ಟೆಲ್ಲ ಭಾಷಣದಲ್ಲಿ ನಮಗೆ ಹೇಳಲಾಗದ್ದು ಆ ಚಾಚಿದ ಕೈಯಲ್ಲಿತ್ತು.

ಮರುದಿನ ಅಕ್ಷಿತಾ ಸಿಟಿ ಬಸ್ಸು ಹತ್ತಿ ಕೊಟ್ಟಾರಕ್ಕೆ ಹೋದಳು. ಯಾರೂ ತಡೆಯಲಿಲ್ಲ. ಸೇಸಪ್ಪನವರ ಹತ್ತಿರ ವಾರಿಜಾಕ್ಷಿ ಹೇಳಿದರಂತೆ: "ಅವತ್ತು ಆ ಹೆಂಗಸು ನನ್ನನ್ನು ಕೂಲಿಗಾಗಿ ಎಳೆದಳು. ನಾನು ಪ್ರೀತಿಯಿಂದ ಎಳೆದೆ. ಬಳೆಗೆ ವ್ಯತ್ಯಾಸ ಗೊತ್ತಾಗ್ಲಿಲ್ಲ ನೋಡಿ."

ಕೆಲವು ವಾರ ಕಳೆದು ಮಗಳನ್ನು ಕೇಳಿ ಒಂದು ಉದ್ದ ತೋಳಿನ ರವಿಕೆ ಹೊಲಿಸಿಕೊಂಡರು. ತೋಳು ಮಣಿಕಟ್ಟು ದಾಟಬೇಕು ಎಂದಿದ್ದರು. ಯಾಕೆಂದು ಮಗಳು ಕೇಳಲಿಲ್ಲ. "ಬೆನಿಟಾ ಬಾಯಿಯ ಆರ್ಡರ್ ಮುಗಿಯಲಿ, ಮತ್ತೆ ಹೊಲಿತೇನೆ," ಎಂದು ಹೇಳಿ, ಹಾಗೆಯೇ ಹೊಲಿದು ಕೊಟ್ಟಳು.

ಮಣೆ ಖಾಲಿ ಬಿದ್ದಿತ್ತು. ಮುಮ್ತಾಝ್‌ಗೆ ಕೊಡೋಣ ಎಂದು ವಾರಿಜಾಕ್ಷಿ ಸಂಘದಲ್ಲಿ ಎತ್ತಿದಾಗ ಹೆಂಗಸರು ಮುಖ ಮುಖ ನೋಡಿಕೊಂಡರು.

"ಗೇಟಿನ ಹೊರಗಿನವರಿಗಾ ಅಕ್ಕ?"

"ರಸ್ತೆಯಲ್ಲಿ ಕೂತಾಗ ಗೇಟು ಎಲ್ಲಿತ್ತು?"

ಒಬ್ಬೊಬ್ಬರಾಗಿ ಹೂಂ ಎಂದರು. ವಾರಿಜಾಕ್ಷಿ ಗೇಟಿನ ಹೊರಗೆ ಹೋಗಿ ಒಣಮೀನಿನ ಬುಟ್ಟಿಯ ಎದುರು ನಿಂತರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

"ಒಳಗೆ ನನ್ನ ಮಣೆ ಖಾಲಿ ಉಂಟು. ನಿನಗೆ ಕೂರ್ಲಿಕ್ಕೆ ಮನಸ್ಸುಂಟಾ?"

ಮುಮ್ತಾಝ್ ಬುಟ್ಟಿಯ ಮೇಲಿನ ನೊಣ ಓಡಿಸಿದರು. "ಇಷ್ಟು ವರ್ಷ ಕಳೆದು ಇವತ್ತು ನೆನಪಾಯ್ತಾ ಅಕ್ಕ?"

ವಾರಿಜಾಕ್ಷಿ ಬೆನ್ನ ಹಿಂದಿನ ಕೈ ಬಿಡಿಸದೆ ಅಲ್ಲೇ ನಿಂತರು.

"ಯೋಚನೆ ಮಾಡಿ ಹೇಳ್ತೇನೆ. ಇಲ್ಲಿ ಗಾಳಿ ಒಳ್ಳೇದುಂಟು."

ಇದನ್ನು ಬರೆಯುವ ಹೊತ್ತಿಗೂ ಮುಮ್ತಾಝ್ ಹೇಳಿಲ್ಲ. ವಾರಿಜಾಕ್ಷಿ ದಿನವೂ ಬೆಳಿಗ್ಗೆ ಬಂದು ಮಣೆ ತೊಳೆದು, ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುತ್ತಾರೆ. ಗೇಟಿನ ಕಡೆ ನೋಡುತ್ತಾರೆ. ಕರೆಯುವುದಿಲ್ಲ.