ಡ್ರೈವರ್ ಮುಖ ನೋಡಿ ಬಸ್ಸು ಹತ್ತುತ್ತಿದ್ದವನು

ದೇವಲಾಪುರದ ನಮ್ಮ ಪಕ್ಕದ ಮನೆಗೆ ವಾರಕ್ಕೊಮ್ಮೆ ಬೆಂಗಳೂರಿನಿಂದ ಒಬ್ಬ ಎಂಜಿನಿಯರು ಬರುತ್ತಿದ್ದ. ಹೆಲಿಕಾಪ್ಟರನ್ನು ಪೈಲಟ್ ಇಲ್ಲದೆ ಹಾರಿಸುವ ಪೆಟ್ಟಿಗೆ ಮಾಡುವುದು ಅವನ ಕೆಲಸ. ದೊಡ್ಡದಕ್ಕೂ ಚಿಕ್ಕದಕ್ಕೂ ಅದೊಂದೇ ಪೆಟ್ಟಿಗೆಯಂತೆ. ಅಂಗೈಯಿಂದ ಗಾಳಿ ಸವರುತ್ತಾ, "ಮನುಷ್ಯ ಬೇಕಾಗೇ ಇಲ್ಲ ಕಣಜ್ಜಿ" ಎನ್ನುತ್ತಿದ್ದ. ಬಸ್ಸು ಹತ್ತುವಾಗ ಮಾತ್ರ ಮೊದಲು ಹೋಗಿ ಡ್ರೈವರ್ ಮುಖ ಇಣುಕಿ ನೋಡುತ್ತಿದ್ದ.

ಒಂದು ಸೋಮವಾರ ಆ ಪೆಟ್ಟಿಗೆಯನ್ನು ಬೆಂಗಳೂರಿನಲ್ಲಿ ಮೇಲಿನವರಿಗೆ ತೋರಿಸಬೇಕಿತ್ತು. ತಡವಾದರೆ ಬೇರೆಯವನ ಪೆಟ್ಟಿಗೆ ಒಪ್ಪಿಬಿಡುತ್ತಾರೆ ಎಂದು ಬೆವರುತ್ತಾ ನಾಗಮಂಗಲದ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ. ಅಲ್ಲಿ ಇಳಿದು ಬೆಂಗಳೂರು ಬಸ್ಸು ಹಿಡಿಯಬೇಕಿತ್ತು. ನಡುದಾರಿಯಲ್ಲಿ ಡ್ರೈವರ್ ಎಂಜಿನ್ ಆರಿಸದೆ ಟೀ ಕುಡಿಯಲು ಇಳಿದ. ಬಸ್ಸು ಗಡಗಡ ನಡುಗುತ್ತಿತ್ತು.

"ಡ್ರೈವರಿಲ್ಲ ಕಣಜ್ಜಿ! ಇಳಿ, ಇಳಿ!"

ಪೆಟ್ಟಿಗೆಯನ್ನು ನನ್ನ ತೊಡೆ ಮೇಲೆ ತಳ್ಳಿ ತಾನು ಕೆಳಗೆ ಹಾರಿಕೊಂಡ. ಅವನು ಡ್ರೈವರನ್ನು ಟೀ ಅಂಗಡಿಯೊಳಗೆ ಹುಡುಕುವಷ್ಟರಲ್ಲಿ ಡ್ರೈವರ್ ಆ ಬದಿಯಿಂದ ಹತ್ತಿ ಹೊರಟೇಬಿಟ್ಟ. ನಾನು ಕೂಗಬಹುದಿತ್ತು. ಕೂಗಲಿಲ್ಲ.

ನಾನು ಪೆಟ್ಟಿಗೆ ಹಿಡಿದು ಕುಳಿತಿದ್ದ ನಾಗಮಂಗಲದ ಬಸ್ ಸ್ಟ್ಯಾಂಡಿಗೆ ಅವನು ಮುಂದಿನ ಬಸ್ಸಿನಲ್ಲಿ ಏದುಸಿರು ಬಿಡುತ್ತಾ ಬಂದ.

"ಬೆಂಗ್ಳೂರು ಬಸ್ಸು?"

"ಹೋಯ್ತು. ಅದ್ರ ಡ್ರೈವರ್ ಮೊಕ ನಾನೇ ನೋಡ್ದೆ, ಚೆಂದಾಗಿದ್ದ. ತಗೋ ನಿನ್ ಪೆಟ್ಗೆ. ಮನುಸ ಇಲ್ದೇನೆ ಬಂದದೆ ಕಣಪ್ಪ, ಅಂಗಂತ ನಿಮ್ಮೋರ್ಗೆ ಹೇಳ್ಬುಡು."