ಕುಡಿಯದೆ ಇಟ್ಟ ಕಾಫಿ

ಅವರ ಬಲಗೈ ಸದಾ ನಡುಗುತ್ತಿತ್ತು. ಪೆನ್ನು ಹಿಡಿದರೆ ಮಾತ್ರ ನಿಲ್ಲುತ್ತಿತ್ತು. ನಡುಗುತ್ತಿದ್ದುದು ಎಡಗೈ ಇರಬಹುದೇ ಎಂದು ನನಗೆ ಈಗ ಅನುಮಾನ. ಶಾಯಿ ಹಸಿರು ಎಂಬುದಕ್ಕೆ ಮಾತ್ರ ಸಾಕ್ಷಿಯಿದೆ.

ಅವರು ಅರಬರು; ತಮ್ಮ ದೇಶದ ರಾಯಭಾರಿಯಾಗಿ, ಆಮೇಲೆ ವಿದೇಶಾಂಗ ಮಂತ್ರಿಯಾಗಿದ್ದು, ನಿವೃತ್ತರಾದ ಮೇಲೆ ಅಲ್ಲಿಯ ಬುದಯ್ಯ ಎಂಬ ಊರಿನಲ್ಲಿ ನೆಲೆಸಿದ್ದರು. ಅವರ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿ ಜೋಡಿಸಲು ಅದೇ ದೇಶದಲ್ಲಿ ನೌಕರಿಗಿದ್ದ ನಾನು, ರಜೆಯ ದಿನವಾದ ಶುಕ್ರವಾರಗಳಂದು, ನಾನಿದ್ದ ಜಿಂಜ್ ಬಡಾವಣೆಯಿಂದ ಹೋಗುತ್ತಿದ್ದೆ. ಯಾವುದಾದರೂ ಒಪ್ಪಂದದ ಫೋಟೋ ಸಿಕ್ಕರೆ ತಮ್ಮನ್ನಲ್ಲ, ಎದುರು ಪಕ್ಷದವನನ್ನು ತೋರಿಸುತ್ತಿದ್ದರು. "ನೋಡು, ಇವನೂ ನಗುತ್ತಿದ್ದಾನೆ. ನನ್ನ ಕೆಲಸ ಅಷ್ಟೇ ಆಗಿತ್ತು."

ಒಂದು ಶುಕ್ರವಾರ ನನ್ನ ತಲೆ ಕೆಟ್ಟಿತ್ತು. ಮೈಸೂರಿನಲ್ಲಿ ಹೆಂಡತಿಗೆ ಹೆರಿಗೆ ಹತ್ತಿರವಾಗಿತ್ತು, ನನ್ನ ಕಚೇರಿಯ ಮ್ಯಾನೇಜರ್ ರಜೆ ಕೊಡಲೊಲ್ಲ. ಕೈಗೆ ಬಂದ ಕಾಫಿ ಬಟ್ಟಲನ್ನು ಕುಡಿಯದೆ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ತೆಗೆದು, "ಏನು ಬೇಕು, ಕೇಳು" ಎಂದರು.

ನನಗೆ ಅರ್ಥವಾಗಲಿಲ್ಲ. ಕಾಫಿ ತಂದಿದ್ದ ಉಡುಪಿಯ ಅಡುಗೆಯವರು ಬಗ್ಗಿ ಹೇಳಿದರು: "ಎಂತ ಮಾರಾಯ್ರೇ, ಈ ಅರಬರಲ್ಲಿ ಕೊಟ್ಟ ಕಾಫಿ ಕುಡಿಯದೆ ಇಟ್ರೆ ಏನೋ ಕೇಳ್ಲಿಕ್ಕುಂಟು ಅಂತ ಲೆಕ್ಕ. ಇಟ್ಟಾಯ್ತಲ್ಲ, ಇನ್ನು ಕೇಳಿ."

ಹೇಳಿದೆ. ಮ್ಯಾನೇಜರಿಗೆ ಒಂದು ಫೋನ್ ಮಾಡಿಯಾರು ಎಂಬ ಆಸೆಯಿತ್ತು. ಅವರು ಬೇಡವೆಂಬಂತೆ ತಲೆಯಾಡಿಸಿದರು. "ಫೋನ್ ಮಾಡಿದರೆ ಹೆದರಿ ಒಪ್ಪುತ್ತಾನೆ. ನೀನು ತಿರುಗಿ ಬಂದು ಅವನ ಕೈಕೆಳಗೇ ಕೆಲಸ ಮಾಡಬೇಕಲ್ಲ?"

ಮ್ಯಾನೇಜರಿಗೆ ಕೊಡಲು ನಾನು ಸಿಟ್ಟಿನಲ್ಲಿ ಬರೆದಿಟ್ಟಿದ್ದ ಪತ್ರ ಚೀಲದಲ್ಲಿತ್ತು. ಅದನ್ನು ಇಸಿದುಕೊಂಡು 'ಅಮಾನವೀಯ', 'ನಾಚಿಕೆಗೇಡು' ಎಲ್ಲವನ್ನೂ ಹಸಿರು ಶಾಯಿಯಲ್ಲಿ ಹೊಡೆದುಹಾಕಿದರು.

"ಅದೆಲ್ಲ ನಿಜ ಸರ್."

"ನಿಜವೇ. ನಿನಗೆ ಗೆಲ್ಲಬೇಕೋ, ಮಗುವನ್ನು ನೋಡಬೇಕೋ?"

ಕೊನೆಯಲ್ಲಿ ಒಂದೇ ಸಾಲು ಸೇರಿಸಿದರು: ನಾನು ಯಾವ ದಿನ ಹೊರಟರೆ ಕಚೇರಿಗೆ ತೊಂದರೆಯಾಗದು ಎಂಬುದನ್ನು ತಾವೇ ನಿರ್ಧರಿಸಬೇಕು. ಬಟ್ಟಲನ್ನು ನನ್ನತ್ತ ಸರಿಸಿ, "ಈಗ ಕುಡಿ" ಎಂದರು. ಅದು ಆರಿ ಹೋಗಿತ್ತು.

ಅದನ್ನು ಹೊಸ ಹಾಳೆಯಲ್ಲಿ ಬರೆದು ಕೊಟ್ಟೆ. ಮ್ಯಾನೇಜರ್ ಎರಡು ದಿನ ಯೋಚಿಸಿ ತಾನೇ ತಾರೀಖು ಗೊತ್ತುಮಾಡಿದ. ನನ್ನನ್ನು ಊರಿಗೆ ಕಳಿಸಿದ್ದು ತಾನೇ ಎಂದು ಇವತ್ತಿಗೂ ಎಲ್ಲರಿಗೂ ಹೇಳುತ್ತಾನೆ. ಮಗಳು ಹುಟ್ಟಿದಾಗ ನಾನು ಆಸ್ಪತ್ರೆಯ ಬಾಗಿಲಲ್ಲಿದ್ದೆ.

ಅವರ ಮಾತುಗಳನ್ನು ನಾನು ಚೆಂದ ಮಾಡಿ ನೆನಪಿಟ್ಟುಕೊಂಡಿರಬಹುದು. ಹಸಿರು ಗೀರುಗಳ ಆ ಹಾಳೆ ಮಾತ್ರ ಇದ್ದ ಹಾಗೇ ಇದೆ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಸಂತಾಪ ಹೇಳಲು ಹೋದವನಿಗೆ ಅದೇ ಅಡುಗೆಯವರು ಕಾಫಿ ಬಗ್ಗಿಸಿ ಕೊಟ್ಟು, ನನ್ನ ಕೈಯನ್ನೇ ನೋಡುತ್ತ ನಿಂತರು. ಕೇಳುವುದೇನೂ ಉಳಿದಿರಲಿಲ್ಲ. ಬಿಸಿಯಿರುವಾಗಲೇ ಪೂರ್ತಿ ಕುಡಿದೆ.