ಬೇರೆ ಮರದ ಟೊಂಗೆ

"ಅಕ್ಕಾ, ಕಡ್ಡಿ ಕೊಳೆತಿದ್ದಕ್ಕೆ ನಂಗೆ ನಾಚಿಕೆ ಇಲ್ಲ. ಹತ್ತು ನೆಟ್ರೆ ಎರಡು ಕೊಳೆಯೋದೇ. ದೇವಕಣಗಿಲೆ ಟೊಂಗೆ ಕಡಿದ್ರೆ ಹಾಲು ಸುರಿಯುತ್ತೆ, ಆ ಗಾಯ ಒಣಗೋವರೆಗೂ ಒಂದು ವಾರ ನೆರಳಲ್ಲಿ ಒರಗಿಸಿಡಬೇಕು. ಕಂಡಕಂಡೋರಿಗೆಲ್ಲ ಇದನ್ನ ಹೇಳಿಕೊಟ್ಟೋಳು ನಾನೇ. ಆವತ್ತು ನರ್ಸಮ್ಮ ನಾಲ್ಕು ಜನದ ಮುಂದೆ 'ನಿಮ್ಮ ಕೈಗುಣಕ್ಕೆ ಪೊರಕೆಕಡ್ಡಿನೂ ಚಿಗುರುತ್ತೆ' ಅಂದ್ರು ನೋಡು, ನಂಗೆ ಕೋಡು ಮೂಡ್ತು. ಅವರ ಕಣ್ಣೆದುರೇ ಹಸಿ ಟೊಂಗೆ ಮಣ್ಣಿಗೆ ಚುಚ್ಚಿದೆ, ಮೇಲೆ ನೀರು ಬೇರೆ ಹೊಯ್ದೆ. ಹದಿನೈದು ದಿನಕ್ಕೆ ಬುಡ ಮುಟ್ಟಿದ್ರೆ ಬೆಂದ ಬದನೆಕಾಯಿ! ಅದೂ ಹೋಗ್ಲಿ. ಆಮೇಲೆ ಮಾಡಿದ್ದು ಹೇಳೋಕೆ ಬಾಯಿ ಬರಲ್ಲ."

ಹೀಗೆಂದವಳು ನನ್ನ ಓರಗಿತ್ತಿ. ಹೊಲಿಗೆ ಅವಳ ಕಸುಬು. ಬಾಲ್ಕನಿ ತುಂಬ ಒಡೆದ ಬಕೆಟ್ಟು, ಕತ್ತರಿಸಿದ ಬಾಟಲಿ. ಅದರಲ್ಲಿ ದಾಸವಾಳ, ಕಾಗದದ ಹೂವಿನ ಕಡ್ಡಿಗಳು. ಅಳತೆ ಕೊಡಲು ಬಂದವರು ಒಂದು ಗಿಡ ಹಿಡಿಯದೆ ಹೋಗುತ್ತಿರಲಿಲ್ಲ. "ಉಣ್ಣೋ ತಟ್ಟೆ ಒಂದು ಉಳಿದಿದೆ ಅತ್ತಿಗೆ, ನಾಳೆ ಅದಕ್ಕೂ ಮಣ್ಣು ತುಂಬ್ತಾಳೆ" ಎಂದು ಮೈದುನ ರೇಗಿಸುತ್ತಿದ್ದ.

ಕೆಳಮನೆಯ ನರ್ಸಮ್ಮ ಕೆಲಸದಿಂದ ನಿವೃತ್ತಿಯಾದವರು. ಅವರ ತಾಯಿ ನೆಟ್ಟ ಕೆಂಪು ದೇವಕಣಗಿಲೆಯನ್ನು ಕಾಂಪೌಂಡು ಕಟ್ಟುವವರು ಕಡಿದಾಗ ಅವರಿಗೆ ದಕ್ಕಿದ್ದು ಒಂದೇ ಟೊಂಗೆ. ಅದನ್ನೇ ತಂದು ಇವಳ ಕೈಗಿಟ್ಟಿದ್ದರು. ಕೊಳೆತದ್ದನ್ನು ಇವಳು ಕಸಕ್ಕೆಸೆದು, ಬಸ್ ನಿಲ್ದಾಣದ ಹಿಂದಿನ ಮರದಿಂದ ಇನ್ನೊಂದು ಟೊಂಗೆ ಮುರಿದು ತಂದು, ಈ ಸಲ ಸರಿಯಾಗಿ ಒಣಗಿಸಿ, ಬೇರು ಬರಿಸಿ, ಇದು ನಿಮ್ಮದೇ ಎಂದು ಕೊಟ್ಟುಬಿಟ್ಟಿದ್ದಳು. ಆ ಮರದ ಹೂವು ಬಿಳಿ.

ಎರಡು ವರ್ಷ ಕಳೆದು ಈಗ ಮೊಗ್ಗು ಬಿಟ್ಟಿತ್ತು. ಹೂವರಳಿದ ದಿನ ಎಲ್ಲರನ್ನೂ ಕರೆಯುತ್ತೇನೆಂದು ನರ್ಸಮ್ಮ ಮನೆಮನೆಗೂ ಹೇಳಿಬಂದಿದ್ದರು.

"ಮಣ್ಣು ಬದಲಾದ್ರೆ ಬಣ್ಣ ಬದಲಾಗುತ್ತೆ ಅಂದುಬಿಡೇ" ಎಂದೆ ನಾನು.

"ಅವರು ನಂಬ್ತಾರೆ ಅಕ್ಕಾ. ಅದೇ ಕಷ್ಟ."

ಇಬ್ಬರೂ ಕೆಳಗಿಳಿದೆವು. ನರ್ಸಮ್ಮ ಒದ್ದೆ ಬಟ್ಟೆಯಲ್ಲಿ ಎಲೆ ಒರೆಸುತ್ತಿದ್ದರು. ಓರಗಿತ್ತಿ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಕೂರಿ ಎಂದು ನರ್ಸಮ್ಮ ಅನ್ನಲಿಲ್ಲ.

"ಕೊಳೆತಾಗಲೇ ಯಾಕೆ ಹೇಳಲಿಲ್ಲ?"

"ಮರ್ಯಾದೆ ಹೋಗುತ್ತೆ ಅಂತ..."

"ಕಡಿದ ಮರದ ಬುಡ ಆಗಿನ್ನೂ ಅಲ್ಲೇ ಇತ್ತಮ್ಮ. ಎರಡು ಚಿಗುರೂ ಒಡೆದಿತ್ತು. ಟೊಂಗೆ ನಿಮ್ಮ ಹತ್ರ ಕ್ಷೇಮವಾಗಿದೆಯಲ್ಲ ಅಂತ, ತಿಂಗಳಾದ ಮೇಲೆ ನಾನೇ ನಿಂತು ಕೀಳಿಸಿದೆ."

ಬೈದಿದ್ದರೆ ಎಷ್ಟೋ ಮೇಲಿತ್ತು. ಅವರು ಬಟ್ಟೆ ಹಿಂಡಿ ಕುಂಡದ ಅಂಚಿಗೆ ಹಾಕಿ ಒಳಗೆ ಹೋದರು. ಬಾಗಿಲು ಹಾಕಲಿಲ್ಲ, ಬನ್ನಿ ಎಂದೂ ಕರೆಯಲಿಲ್ಲ. ನಾನು ಹೇಳಿಕೊಟ್ಟ ಸುಳ್ಳು ನೆನಪಾಗಿ ಮೆಟ್ಟಿಲು ಹತ್ತುವಾಗ ಓರಗಿತ್ತಿಯ ಮುಖ ನೋಡಲಾಗಲಿಲ್ಲ ನನಗೆ.

ಮಧ್ಯಾಹ್ನದ ಪಾತ್ರೆಗಳು ಹಾಗೇ ಬಿದ್ದಿದ್ದವು. ಅವಳು ಉಜ್ಜಿ ಉಜ್ಜಿ ಕೊಟ್ಟಳು, ನಾನು ತೊಳೆದು ಬೋರಲು ಹಾಕಿದೆ.